ಕೊನೆಭಾಗದ ಬಳಕೆದಾರ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗವಾದ ರಾಯಚೂರು ತಾಲ್ಲೂಕಿನವನಾದ ನನಗೆ, ಕಡಿಮೆ ನೀರಿನ ಬೆಳೆಗೆಂದು ಗೊತ್ತುಪಡಿಸಿದ ಹೊಲಗಳಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡಿ, ಉಳಿದದ್ದನ್ನು ಕೆಳಕ್ಕೆ ಬಿಡುವ ಔದಾರ್ಯ ಹೊಸದಲ್ಲ. ಆದ್ದರಿಂದ ನಮ್ಮ ಕಟ್ಟಡದ ನಾಲ್ಕು ಮನೆಯವರು ಸೇರಿ ಒಂದೇ ಇಂಟರ್‌ನೆಟ್ ಸಂಪರ್ಕ ಹಾಕಿಸಿಕೊಂಡಾಗ, ನನ್ನ ಪಾಲೆಷ್ಟೆಂದು ಕೇಳುವ ಅವಿವೇಕಕ್ಕೆ ನಾನು ಹೋಗಲಿಲ್ಲ.

ಪಾಲು ಹಂಚುವ ಪದ್ಧತಿ ಜಾಲಕ್ಕೇ ಇದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಸುಮಾರು 400 ಗಜ ದೂರದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಜಾಲವು ನೂಕುನುಗ್ಗಲಿನಿಂದ 40 ಬಿಟ್‌ಗೆ ಕುಸಿಯಿತು. ಜಾಲತಜ್ಞ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಹಳೆಯ ಕಾಲದ ಮರ್ಯಾದೆಯಂಥದು: ಕಳಿಸಿದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ದಾರಿಯಲ್ಲಿ ಕಳೆದರೆ ಕಳಿಸಿದ ಕಂಪ್ಯೂಟರು ದಟ್ಟಣೆಯಾಗಿದೆಯೆಂದು ತಿಳಿದು ಥಟ್ಟನೆ ವೇಗ ತಗ್ಗಿಸಬೇಕು, ಬಳಿಕ ಮೆಲ್ಲಗೆ ಏರಿಸಬೇಕು.

ಈ ಮರ್ಯಾದೆ ಲೆಕ್ಕಕ್ಕೆ ಹಿಡಿಯುವುದು ಕೊಂಡಿಗಳನ್ನೇ (ಮಾಹಿತಿ ತರಿಸಿಕೊಳ್ಳಲು ಕಂಪ್ಯೂಟರು ತೆರೆಯುವ ಒಂದೊಂದು ಸಂಪರ್ಕವನ್ನೇ) ಹೊರತು ಮನುಷ್ಯರನ್ನಲ್ಲ ಎಂಬುದನ್ನು ಮಹಡಿ ಮನೆಯ ಯುವಕ ಕಂಡುಕೊಂಡ. ಅವನ ಡೌನ್‌ಲೋಡ್ ತಂತ್ರಾಂಶ ಒಂದೇ ಸಿನಿಮಾಕ್ಕೆ 16 ಕೊಂಡಿ ತೆರೆಯುತ್ತದೆ. ನನ್ನ ಮಗಳು ನೋಡುವ ಪಾಠದ ವಿಡಿಯೊಗೆ ಒಂದೇ. ದಟ್ಟಣೆಯಾದಾಗ ಹದಿನೇಳೂ ಸಮನಾಗಿ ತಗ್ಗುತ್ತವೆ, ಸಮನಾಗಿ ಹಂಚಿಕೊಳ್ಳುತ್ತವೆ, ಹದಿನಾರು ಪಾಲು ಮಹಡಿಗೆ ಹೋಗುತ್ತದೆ. ಇಂಥ ನಿಷ್ಕಳಂಕ ಸಮಾನತೆಯನ್ನು ನಾನು ಪಡಿತರ ಅಂಗಡಿಯಲ್ಲೂ ಕಂಡಿಲ್ಲ. ಅಲ್ಲಿ ಒಬ್ಬನೇ ಹದಿನಾರು ಚೀಲ ಇಟ್ಟು ಸಾಲು ಹಿಡಿದರೆ ಹಿಂದಿನವರು ಬೈಯುವ ಪದ್ಧತಿಯಾದರೂ ಇದೆ.

ಕಂಪನಿಯವರಿಗೆ ದೂರಿದೆ. ‘ನಮ್ಮಲ್ಲಿ ನ್ಯಾಯಯುತ ಬಳಕೆ ನೀತಿ ಇದೆಯಲ್ಲ ಸರ್’ ಎಂದರು. ಆ ನೀತಿಯ ಪ್ರಕಾರ, ಊರೆಲ್ಲ ಮಲಗಿ ತಂತಿ ಖಾಲಿಯಿರುವ ರಾತ್ರಿ ಮೂರು ಗಂಟೆಯಲ್ಲಿ ನಾನು ಇಳಿಸಿಕೊಂಡ ಜಿಬಿಯೂ, ಎಲ್ಲರಿಗೂ ಬೇಕಾದ ಸಂಜೆ ಎಂಟರಲ್ಲಿ ಅವನು ಇಳಿಸಿಕೊಂಡ ಜಿಬಿಯೂ ಒಂದೇ ತೂಕ. ತಿಂಗಳ ಮಿತಿ ಮುಗಿದೊಡನೆ ನಾಲ್ಕು ಮನೆಗೂ ಏಕಕಾಲಕ್ಕೆ ಶಿಕ್ಷೆ. ಎಣಿಸಬೇಕಾದದ್ದು ಕೊಂಡಿಗಳನ್ನಲ್ಲ, ಒಬ್ಬನಿಂದ ಉಳಿದವರಿಗಾಗುವ ದಟ್ಟಣೆಯನ್ನು ಎಂದು ಜಾಲ ಸಂಶೋಧಕ ಬಾಬ್ ಬ್ರಿಸ್ಕೋ 2007ರಲ್ಲೇ ವಾದಿಸಿದ್ದರು. ಅದನ್ನು ಹೇಳಿದಾಗ ಕಂಪನಿಯವರು, ಅವರು ನಮ್ಮ ಗ್ರಾಹಕರೇ ಎಂದು ವಿಚಾರಿಸಿದರು.

ಕಡೆಗೆ ಉಪಾಯ ಹೇಳಿಕೊಟ್ಟವನು ಮಹಡಿಯ ಯುವಕನೇ. ‘ಕಾಕಾ, ನೀವೂ ಹದಿನಾರು ತೆಗೀರಲ್ಲ.’ ನಾನು ಜಾಗರೂಕತೆಯಿಂದ 32 ತೆರೆದೆ. ಅವನು 64 ತೆರೆದ. ಉಳಿದ ಎರಡು ಮನೆಯವರೂ ತಂತ್ರಾಂಶ ಹಾಕಿಸಿಕೊಂಡಿದ್ದಾರೆ. ಸದ್ಯ ನಮ್ಮ ಕಟ್ಟಡದಲ್ಲಿ 1986ರ ಅಕ್ಟೋಬರ್ ನಡೆಯುತ್ತಿದೆ.