ನಡೆಯುತ್ತಿರುವುದು ಅಪ್ಪನಾ, ಮಷೀನಾ?

ಸ್ಟ್ರೋಕ್ ಆದ ಮೇಲೆ ಅಪ್ಪನನ್ನು ಮೊದಲ ಸಲ ಆ ರೋಬಾಟ್ ಮಷೀನಿನಲ್ಲಿ ನಿಲ್ಲಿಸಿದಾಗ ನಾನು ಅತ್ತುಬಿಟ್ಟಿದ್ದೆ. ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದು ಮೇಲಿನಿಂದ ಹಗ್ಗದಲ್ಲಿ ಎತ್ತಿ ಹಿಡಿದಿದ್ದಾರೆ, ಕಾಲಿಗೆ ಕಬ್ಬಿಣದ ಕಾಲು ಕಟ್ಟಿದ್ದಾರೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತಿದೆ, ಹಿಂದಿನ ದಿನದವರೆಗೆ ಎದ್ದು ನಿಲ್ಲಲಾಗದಿದ್ದವರು ಟಪ ಟಪ ಹೆಜ್ಜೆ ಹಾಕುತ್ತಿದ್ದಾರೆ! ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದೆ.

ಮೂರನೇ ವಾರ ಒಂದು ದಿನ ಅಪ್ಪ ಅದರಲ್ಲಿ ನಡೆಯುತ್ತಲೇ ಬಾಯಿ ತೆರೆದು ಆಕಳಿಸಿದರು. ಆಗ ನನಗೆ ಅನುಮಾನ ಬಂತು.

ಈ ವಿದ್ಯೆ ಹುಟ್ಟಿದ್ದೇ ವಿಚಿತ್ರವಾಗಿ. ಬೆನ್ನುಹುರಿ ಕತ್ತರಿಸಿದ ಬೆಕ್ಕುಗಳನ್ನು ಟ್ರೆಡ್‌ಮಿಲ್ ಮೇಲೆ ಹಿಡಿದು ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಹಿಂಗಾಲು ಮತ್ತೆ ಹೆಜ್ಜೆ ಹಾಕುತ್ತಿತ್ತು. 1980ರ ದಶಕದಲ್ಲಿ ಅದನ್ನೇ ಮನುಷ್ಯರಿಗೆ ತಂದರು. ಆಗ ರೋಬಾಟ್ ಇರಲಿಲ್ಲ. ಫಿಸಿಯೋಗಳೇ ಆಚೆ ಈಚೆ ಬಗ್ಗಿ ಕೂತು ಒಂದೊಂದೇ ಪಾದವನ್ನು ಕೈಯಲ್ಲಿ ಎತ್ತಿ ಇಡಬೇಕಿತ್ತು, ಸ್ವಲ್ಪ ಹೊತ್ತಿಗೇ ಅವರ ಬೆನ್ನು ಬಿದ್ದುಹೋಗುತ್ತಿತ್ತು. ಆ ಕಷ್ಟ ತಪ್ಪಿಸಲು 2000ದ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಲೋಕೊಮ್ಯಾಟ್‌ನಂಥ ಯಂತ್ರಗಳು ಬಂದವು. ಮಷೀನಿಗೆ ಸುಸ್ತಿಲ್ಲ, ನೂರಾರು ಹೆಜ್ಜೆ ಹಾಕಿಸುತ್ತದೆ.

ಆದರೆ ಹಾಕಿಸುತ್ತದೆ, ಅಲ್ವಾ? ಅಲ್ಲೇ ಇರುವುದು ತೊಡಕು. ನಮ್ಮ ಮೈ ಮಹಾ ಸೋಮಾರಿ, ಬೇರೆಯವರು ಎತ್ತಿ ಇಡುತ್ತಾರೆ ಅಂದರೆ ತಾನು ಸುಮ್ನೆ ಇದ್ದುಬಿಡುತ್ತದೆ. ಸ್ಟ್ರೋಕ್ ಆಗಿದ್ದರೂ ಅಲ್ಪಸ್ವಲ್ಪ ನಡೆಯಬಲ್ಲವರ ಮೇಲೆ ಮಾಡಿದ ಒಂದು ಹೋಲಿಕೆ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ವೇಗವೂ ದೂರವೂ ಜಾಸ್ತಿ ಸುಧಾರಿಸಿದ್ದು ರೋಬಾಟ್ ಗುಂಪಿನದ್ದಲ್ಲ, ಮಾಮೂಲಿ ಫಿಸಿಯೋಥೆರಪಿ ಗುಂಪಿನದ್ದು. 2011ರಲ್ಲಿ 408 ಜನರ ದೊಡ್ಡ ಅಧ್ಯಯನ ಬಂತು. ಅದರಲ್ಲಿ ರೋಬಾಟ್ ಇರಲಿಲ್ಲ, ಮೈಭಾರವನ್ನು ಮೇಲಿನಿಂದ ಎತ್ತಿ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವುದಷ್ಟೇ. ಮನೆಗೇ ಬಂದು ಫಿಸಿಯೋ ಮಾಡಿಸಿದ ವ್ಯಾಯಾಮಕ್ಕಿಂತ ಅದೇನೂ ಮೇಲು ಅನ್ನಿಸಿಕೊಳ್ಳಲಿಲ್ಲ.

ಹಾಗಂತ ಮಷೀನು ದಂಡ ಅಂತ ನಾನು ಹೇಳುವುದಿಲ್ಲ. ನಡೆಯಲೇ ಆಗದವರಿಗೆ, ಅದೂ ಮೊದಲ ಮೂರು ತಿಂಗಳಲ್ಲಿ, ಫಿಸಿಯೋಥೆರಪಿಯ ಜೊತೆಗೆ ಇದನ್ನೂ ಕೊಟ್ಟರೆ ಯಾರ ಆಸರೆಯೂ ಇಲ್ಲದೆ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಅಪ್ಪನಿಗೂ ಮೊದಲ ಎರಡು ವಾರ ಅದು ಬೇಕೇ ಬೇಕಿತ್ತು. ಬೀಳುವ ಭಯ ಇಲ್ಲದೆ ನಿಲ್ಲುವುದು ಏನು ಸಣ್ಣ ವಿಷಯವಾ? ನನ್ನ ತಕರಾರು ಒಂದೇ. ಕಾಲಿಗೆ ಸ್ವಲ್ಪ ಬಲ ಬಂದ ಮೇಲೂ ಅದೇ ಸೆಟ್ಟಿಂಗ್‌ನಲ್ಲಿ ಬಿಟ್ಟು, ಪರದೆ ಮೇಲಿನ ಹೆಜ್ಜೆ ಲೆಕ್ಕ ತೋರಿಸಿ ಮನೆಯವರನ್ನು ಖುಷಿಪಡಿಸುವುದು ಸರಿಯಲ್ಲ.

ಆಕಳಿಸಿದ ಮರುದಿನ ಫಿಸಿಯೋ ಮೇಡಂ ಹತ್ತಿರ ಕೇಳಿದೆ, "ಇವರ ತೂಕದಲ್ಲಿ ಎಷ್ಟನ್ನು ಮಷೀನು ಹೊತ್ತುಕೊಂಡಿದೆ? ಕಾಲು ಎತ್ತುವುದರಲ್ಲಿ ಅದರ ಪಾಲೆಷ್ಟು?" ಅವರು ಒಮ್ಮೆ ನನ್ನ ಮುಖ ನೋಡಿ, ಏನೂ ಹೇಳದೆ ಎರಡನ್ನೂ ಇಳಿಸಿದರು. ಹತ್ತು ನಿಮಿಷಕ್ಕೆ ಅಪ್ಪನ ಬನಿಯನ್ ಬೆವರಿನಲ್ಲಿ ತೊಯ್ದುಹೋಯಿತು. ಇಳಿದವರೇ ನನ್ನನ್ನು ಗುರಾಯಿಸಿ, ತೊದಲುತ್ತಲೇ ಬೈದರು, "ನಿನಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ?"