ಪಾಪಕ್ಕೆ ಹತ್ತು, ಪಾಪ ಅನ್ನಿಸಿದರೆ ಇಪ್ಪತ್ತು

ಬೇಸಿಗೆ ಶಿಬಿರದ ಕೊನೇ ದಿನ ನಮ್ಮ ಅಪಾರ್ಟ್‌ಮೆಂಟಿನವರು ನನ್ನನ್ನು ಜಡ್ಜ್ ಮಾಡಿ ಕೂರಿಸಿದ್ದರು. ಹಾಡಿಗಲ್ಲ, ಚಿತ್ರಕ್ಕಲ್ಲ. ಕಾರ್ಟೂನಿನ ಖಳನಾಯಕರು ನಿಜಕ್ಕೂ ಎಷ್ಟು ಕೆಟ್ಟವರು ಅಂತ ಮಕ್ಕಳು ವಾದ ಮಾಡುತ್ತಾರಂತೆ, ನಾನು ತೂಗಿ ನೋಡಿ ಅಂಕ ಕೊಡಬೇಕಂತೆ. ಒಂದೇ ಷರತ್ತು: ಖಳ ಕೊನೆಗೆ ಒಳ್ಳೆಯವನಾಗಿರಬೇಕು. ಕೈಗೆ ಕೊಟ್ಟ ಹಾಳೆಯಲ್ಲಿ ಮಾಡಿದ ಪಾಪಕ್ಕೆ 10 ಅಂಕ, ನೋಡಿದವರಿಗೆ ಪಾಪ ಅನ್ನಿಸಿದರೆ 20 ಅಂಕ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರೋದು ಸುಮ್ನೆ ಅಲ್ಲ ಬಿಡಿ.

ಮೊದಲು ಬಂದವನು ಗ್ರೂ. 2010ರ 'ಡೆಸ್ಪಿಕೇಬಲ್ ಮಿ' ಸಿನಿಮಾದ ಬೋಳುತಲೆಯ ಗ್ರೂ. ಚಂದ್ರನನ್ನೇ ಕುಗ್ಗಿಸಿ ಕದ್ದವನು. ತನ್ನ ಕಳ್ಳತನಕ್ಕೆ ಬಳಸಿಕೊಳ್ಳೋಣ ಅಂತ ಅನಾಥಾಲಯದಿಂದ ತಂದ ಮೂರು ಹೆಣ್ಣುಮಕ್ಕಳು ಅವನನ್ನು ಅಪ್ಪನನ್ನಾಗಿ ಮಾಡಿಬಿಟ್ಟವು. ಹಿಂದಿನ ಸಾಲಿನ ಅಮ್ಮಂದಿರು ಕಣ್ಣು ಒರೆಸಿಕೊಂಡರು. ಚಂದ್ರನ ವಿಷಯ ನಾನೂ ಬಿಟ್ಟೆ. ಚಂದ್ರ ವಾಪಸ್ ಆಕಾಶಕ್ಕೆ ಹೋದ. ನಮ್ಮೂರಲ್ಲಿ ಕೆರೆಗಳು ಹೋಗಿವೆ, ಒಂದೂ ವಾಪಸ್ ಬಂದಿಲ್ಲ. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಸ್ಟೇಡಿಯಂ. ಕುಗ್ಗಿಸುವ ಯಂತ್ರ ಕೂಡ ಬೇಕಾಗಲಿಲ್ಲ.

ಆದರೆ ಗ್ರೂ ಮಾಡಿದ ಇನ್ನೊಂದು ಕೆಲಸ ಇದೆ. ಕಾಫಿ ಅಂಗಡಿಯಲ್ಲಿ ಉದ್ದ ಕ್ಯೂ ನೋಡಿ, ಮುಂದಿದ್ದವರನ್ನೆಲ್ಲ ಬಂದೂಕಿನಿಂದ ಮಂಜುಗಡ್ಡೆ ಮಾಡಿ, ಕಾಫಿ ತಗೊಂಡು ಹೋಗುತ್ತಾನೆ. ಇದಕ್ಕೆ ಕ್ಷಮೆ ಇಲ್ಲ. ಬೆಳಗ್ಗೆ ಎಂಟು ಗಂಟೆಗೆ ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತವರಿಗೆ ಗೊತ್ತು. ಹೆಗಲ ಮೇಲಿಂದ ಒಂದು ಕೈ ಬರುತ್ತೆ, ಕಿವಿ ಪಕ್ಕ ಒಂದು ದನಿ ಬರುತ್ತೆ, 'ಗುರೂ, ಎರಡು ಸ್ಟ್ರಾಂಗ್'. ಆ ಕೈಗೆ ಬಂದೂಕು ಬೇಡ, ಮೊಣಕೈ ಸಾಕು. ಚಂದ್ರನಿಗೆ 2, ಕ್ಯೂಗೆ 8, ಒಟ್ಟು ಹತ್ತಕ್ಕೆ ಹತ್ತು ಬರೆದೆ. ಸಭೆಯಲ್ಲಿ ಗುಸುಗುಸು ಶುರುವಾಯಿತು.

ಆಮೇಲೆ ಕಾಲಿಯಾ. 2008ರಲ್ಲಿ ಛೋಟಾ ಭೀಮ್ ಶುರುವಾದಾಗಿನಿಂದ ಈ ಹುಡುಗ ಢೋಲು-ಭೋಲು ಜೊತೆ ಸೇರಿ ಹೊಟ್ಟೆಕಿಚ್ಚು ಪಡುತ್ತಲೇ ಇದ್ದಾನೆ. ಕೊನೆಗೆ ಬುದ್ಧಿ ಬರುತ್ತೆ, ಮರುದಿನದ ಕಥೆಯಲ್ಲಿ ಮತ್ತೆ ಹೋಗಿರುತ್ತೆ. ಸಂಜೆ ಡಾಂಬರು ಕಂಡು ಬೆಳಗ್ಗೆ ಪೈಪಿಗೆ ಅಗೆಸಿಕೊಳ್ಳುವ ನಮ್ಮ ಅಡ್ಡರಸ್ತೆ ಥರ. ಲಡ್ಡು ಕದಿಯೋದರಲ್ಲಿ ಭೀಮನೂ ಏನೂ ಕಮ್ಮಿ ಇಲ್ಲ, ಟುನ್‌ಟುನ್ ಮೌಸಿಯನ್ನು ಕೇಳಿ. ಒಂದು ಅಂಕ ಕೊಟ್ಟು ಕಳಿಸಿದೆ.

ಝೂಕೋ ಬಂದಾಗ ವಾತಾವರಣವೇ ಬದಲಾಯಿತು. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'ನ ರಾಜಕುಮಾರ. 'ಪಾಪ ಸಾರ್, ಅವರಪ್ಪನೇ ಅವನ ಮುಖ ಸುಟ್ಟಿದ್ದು, 13 ವರ್ಷದ ಹುಡುಗನ್ನ ದೇಶದಿಂದ ಓಡಿಸಿದ್ರು' ಅಂತ ಒಬ್ಬ ತಾಯಿ ಎದ್ದು ನಿಂತು ವಕಾಲತ್ತು ಮಾಡಿದರು. ನಿಜ ಹೇಳುತ್ತೇನೆ, ನನಗೂ ಝೂಕೋ ಇಷ್ಟ. ಮೊಮ್ಮಗನ ಜೊತೆ ಪೂರ್ತಿ ನೋಡಿದ್ದೇನೆ. 2005ರಿಂದ 2008ರವರೆಗೆ ಮೂರು ಸೀಸನ್ ಒದ್ದಾಡಿ ಬದಲಾದವನು. ತಪ್ಪು ಒಪ್ಪಿಕೊಂಡು ಬಂದಾಗ ನೀರು ಎರಚಿ ಓಡಿಸಿದರೂ ಮತ್ತೆ ಬಂದ. ಆದರೆ ಆಂಗ್ ಎಂಬ ಮಗುವನ್ನು ಮುಗಿಸೋಕೆ ಬಾಡಿಗೆ ಕೊಲೆಗಾರನನ್ನು ಕಳಿಸಿದ್ದೂ ಇವನೇ. ನಮ್ಮ ಕಡೆ ಇದಕ್ಕೆ ಸುಪಾರಿ ಅಂತಾರೆ. ಇವನು ಆಂಗ್‌ನನ್ನು ಹಿಡಿಯೋಕೆ ಹೋದಾಗ ಕ್ಯೋಶಿ ದ್ವೀಪದಲ್ಲಿ ಊರಿಗೇ ಬೆಂಕಿ ಬಿತ್ತಲ್ಲ, ಆಂಗ್ ಹೇಗೋ ಆರಿಸಿದ. ಸುಟ್ಟ ಮನೆಗಳ ಸೂರು ಯಾರು ಹೊದಿಸಿಕೊಟ್ಟರು? ಆ ಮನೆಯವರಿಗೆ ಹಿನ್ನೆಲೆ ಸಂಗೀತ ಇಲ್ಲ ನೋಡಿ, ಯಾರೂ ಕೇಳಲ್ಲ.

ಹಾಗೆ ನೋಡಿದರೆ ಕೆಟ್ಟವರನ್ನು ಒಳ್ಳೆಯವರನ್ನಾಗಿ ಮಾಡೋದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಯಾವ ಕಾರ್ಟೂನ್ ಕಂಪನಿಗೂ ಹೊಳೆಯದ ಪದ ನಮ್ಮಲ್ಲಿದೆ: ಅಕ್ರಮ-ಸಕ್ರಮ. ನಿಯಮ ಮುರಿದು ಕಟ್ಟಿದ ಕಟ್ಟಡ ದಂಡ ಕಟ್ಟಿದರೆ ಸಕ್ರಮ. ಮೂರು ಸೀಸನ್ನಿನ ಕಥೆ ಒಂದು ಅಡ್ಡಗೆರೆಯಲ್ಲಿ ಮುಗಿಯುತ್ತೆ. 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ರಸಭಂಗ. ಟ್ರಾಫಿಕ್ ದಂಡದ್ದು ಇನ್ನೂ ಚೆಂದ. 2023ರಲ್ಲಿ ಅರ್ಧ ದರ, 2025ರಲ್ಲಿ ಮತ್ತೆ ಅರ್ಧ ದರ. ಸಿಗ್ನಲ್ ಹಾರಿದವನು ಕ್ಯೂ ನಿಂತು ಅರ್ಧ ಕಟ್ಟಿ ಪುನೀತನಾದ. ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದವನು ಈ ಕಥೆಯಲ್ಲಿ ಪೆದ್ದ. ಆ ಪೆದ್ದ ನಾನೇ.

ಹೋದ ವರ್ಷ ನನ್ನ ಹೆಂಡತಿಗೆ ಫುಟ್‌ಪಾತ್ ಮೇಲೆ ಸ್ಕೂಟರ್ ಗುದ್ದಿತು. ರಸ್ತೆ ಮೇಲಲ್ಲ, ಫುಟ್‌ಪಾತ್ ಮೇಲೆ. ಮಣಿಕಟ್ಟು ಮುರಿಯಿತು. 'ಲೇಟಾಗಿತ್ತು ಆಂಟಿ, ಆಫೀಸಲ್ಲಿ ಬೈತಾರೆ' ಅಂದ ಹುಡುಗ. ಸೇರಿದ ಜನ 'ಪಾಪ, ಬಿಟ್ಬಿಡಿ' ಅಂದರು. ಪಾಪ ಅಂದಿದ್ದು ಅವನಿಗೆ. ಆರು ವಾರ ಪ್ಲಾಸ್ಟರ್ ಹಾಕಿಕೊಂಡವಳಿಗಲ್ಲ. ಇವತ್ತಿಗೂ ಅವಳಿಗೆ ಆ ಕೈಯಲ್ಲಿ ಚಪಾತಿ ಹಿಟ್ಟು ಕಲಸೋಕೆ ಆಗಲ್ಲ. ಈ ಊರಲ್ಲಿ ಗುದ್ದುವವರಿಗೆಲ್ಲ ಒಂದೊಂದು ದುಃಖದ ಕಥೆ ಇದೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ಕೊನೆಗೆ ಒಂದನೇ ಕ್ಲಾಸಿನ ಹುಡುಗ ಮುಖಕ್ಕೆ ಪಟ್ಟೆ ಬಳಿದುಕೊಂಡು ಪುಣ್ಯಕೋಟಿಯ ಹುಲಿಯ ಪರವಾಗಿ ಬಂದ. ಅದರ ಕಾರ್ಟೂನನ್ನು ಮೊಬೈಲಿನಲ್ಲಿ ನೋಡಿದ್ದನಂತೆ. ಯೋಚಿಸಿ ನೋಡಿ, ಆ ಹುಲಿ ಹಸುವಿನ ಮೈ ಕೂಡ ಮುಟ್ಟಲಿಲ್ಲ. ಹಸಿದಿತ್ತು, ತಿನ್ನೋಣ ಅಂದುಕೊಂಡಿತ್ತು, ಹಸು ಮಾತು ಉಳಿಸಿಕೊಂಡು ಬಂದಾಗ ನಾಚಿ ಬೆಟ್ಟದಿಂದ ಹಾರಿತು. ರಿಯಾಯಿತಿ ಕೇಳಲಿಲ್ಲ. ಕಂತೂ ಕೇಳಲಿಲ್ಲ.

'ತಾತ, ಸಾರಿ ಅಂದಿದ್ರೆ ಸಾಕಾಗ್ತಿರ್ಲಿಲ್ವಾ?' ಅಂತ ಹುಡುಗ ನನ್ನನ್ನೇ ಕೇಳಿದ. ಉತ್ತರ ತೋಚಲಿಲ್ಲ. ಪಾಪದ ಕಾಲಂನಲ್ಲಿ ಸೊನ್ನೆ ಹಾಕಿದೆ.

'ಸೊನ್ನೆ ಕೊಡೋ ಹಾಗಿಲ್ಲ ಸಾರ್, ಒಂದಾದ್ರೂ ಹಾಕಿ' ಅಂದರು ಶಿಬಿರದವರು. ಗ್ರೂಗೆ ಹತ್ತು ಕೊಟ್ಟಿದ್ದನ್ನೂ ಕಮ್ಮಿ ಮಾಡಬೇಕಂತೆ, ಪಾಪ, ಮಗು ಅಳ್ತಾ ಇದೆ. ನಾನು ಹಾಳೆ ಮಡಚಿ ಜೇಬಿಗಿಟ್ಟು ಎದ್ದೆ.

ಕೆಳಗೆ ಬಂದರೆ ವೀಲ್‌ಚೇರ್ ಇಳಿಯುವ ಜಾಗಕ್ಕೆ ಅಡ್ಡಲಾಗಿ ಒಂದು ದೊಡ್ಡ ಕಾರು. ಒಳಗಿದ್ದವರು ಗಾಜು ಅರ್ಧ ಇಳಿಸಿ, 'ಐದೇ ನಿಮಿಷ ಸಾರ್, ಮಗಳಿಗೆ ಪ್ರೈಜ್ ಬರೋದಿದೆ' ಅಂದರು. ಹಾಳೆಯ ಹಿಂಬದಿ ಖಾಲಿ ಇತ್ತು. ಕಾರಿನ ನಂಬರ್ ಬರೆದುಕೊಂಡೆ.