ಶತಾವರಿ ಬೇರೆ, ತರಕಾರಿ ಆಸ್ಪರಾಗಸ್ ಬೇರೆ

ಹುಬ್ಬಳ್ಳಿ-ಧಾರವಾಡದ ಕೈತೋಟದವರ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಶತಾವರಿಯೇ ಆಸ್ಪರಾಗಸ್. ಬೀಜ ಹಾಕಿ, 45 ದಿನಕ್ಕೆ ಕೊಯ್ಯಿರಿ." ಎರಡೂ ಮಾತು ತಪ್ಪು.

ಇವು ಒಂದೇ ಕುಲದ ಗಿಡಗಳು, ಅಷ್ಟು ನಿಜ. ಆದರೆ ನಮ್ಮ ಶತಾವರಿ, ಅಂದರೆ ಹಲವು ಮಕ್ಕಳ ತಾಯಿ ಬೇರು, ಮುಳ್ಳಿನ ಬಳ್ಳಿ. ಅದನ್ನು ಬೆಳೆಸುವುದು ಬೇರಿಗಾಗಿ. ತರಕಾರಿ ಆಸ್ಪರಾಗಸ್‌ನಲ್ಲಿ ತಿನ್ನುವುದು ನೆಲದಿಂದ ನೆಟ್ಟಗೆ ಏಳುವ ಎಳೆ ಚಿಗುರನ್ನು. ಗೇಣುದ್ದ ಇದ್ದಾಗಲೇ ಕತ್ತರಿಸಬೇಕು.

ಇನ್ನು 45 ದಿನದ ಮಾತು. ಬೀಜ ಮೊಳೆಯುವುದಕ್ಕೇ ಎರಡು-ಮೂರು ವಾರ ಹಿಡಿಯುತ್ತದೆ. ಮೊದಲ ಎರಡು ವರ್ಷ ಚಿಗುರು ಮುಟ್ಟಲೇಬಾರದು. ಅದು ಎತ್ತರ ಬೆಳೆದು, ನವಿರಾದ ಎಳೆಗಳಾಗಿ ಹರಡಿ, ಬೇರಿಗೆ ಆಹಾರ ಕೂಡಿಡಬೇಕಲ್ವಾ? ಮೂರನೇ ವರ್ಷ ಕೊಯ್ಲು ಶುರು, ಅದೂ ಕೆಲವೇ ವಾರ. ಆಮೇಲೆ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಚಿಗುರು ಕೊಡುತ್ತದೆ. ಇದು ಗೊತ್ತಿಲ್ಲದೆ ಎರಡೇ ತಿಂಗಳಿಗೆ ಸುಮ್ನೆ ಕಿತ್ತೆಸೆದರೆ ನಿಜಕ್ಕೂ ನೋವಾಗುತ್ತದೆ.

ನಮ್ಮ ಎರೆ ಮಣ್ಣಿನಲ್ಲಿ ಮಳೆಗಾಲಕ್ಕೆ ನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೇ ಏರು ಮಡಿ ಮಾಡಿ. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ.

ಹೆಣ್ಣು ಗಿಡದಲ್ಲಿ ಕೆಂಪು ಹಣ್ಣು ಬಿಡುತ್ತವೆ. ನೋಡಲು ಚೆಂದ, ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು. ಮಕ್ಕಳಿಗೆ ಮೊದಲೇ ಹೇಳಿಡಿ.